ಕಾಸಿಂಬಾಕ್ಕೆ ಹೋದ ಪೇಟ

ಪೆರಂಬೂರಿನ ರೈಲ್ವೆ ಕನ್ನಡಿಗರು ಕಟ್ಟಿಕೊಂಡಿದ್ದ ಕಾವೇರಿ ಬಳಗಕ್ಕೆ ಸ್ವಂತದ್ದು ಅಂತ ಇದ್ದ ಆಸ್ತಿಯೆಂದರೆ ಒಂದು ಮೈಸೂರು ಪೇಟ. ಚೆನ್ನೈಯಲ್ಲಿ ಕೂತು ಬಳಗಕ್ಕೆ ಕಾವೇರಿ ಅಂತ ಹೆಸರಿಟ್ಟವರ ಧೈರ್ಯವನ್ನು ಮೆಚ್ಚಲೇಬೇಕು; ಆದರೆ ಪೇಟದ ವಿಷಯಕ್ಕೆ ಬಂದರೆ ಮಹಾ ಜುಗ್ಗರು. ಎಲ್ಲರ ತಲೆಗೂ ಅದೇ ಒಂದು. ರಿಟೈರಾದ ಗಾರ್ಡಿರಲಿ, ವಾರ್ಡಿನ ಕೌನ್ಸಿಲರಿರಲಿ, ಹತ್ತನೇ ತರಗತಿಯಲ್ಲಿ ಫಸ್ಟ್ ಬಂದ ಹುಡುಗಿಯಿರಲಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ, ಪೇಟ ತೊಡಿಸಿ, ಫೋಟೋ ಹೊಡೆಸಿ, ಚಪ್ಪಾಳೆ ನಿಲ್ಲುವುದರೊಳಗೆ ಪೇಟವನ್ನು ನಯವಾಗಿ ಎತ್ತಿಕೊಂಡು ಸ್ಟೀಲ್ ಡಬ್ಬಿಗೆ ಸೇರಿಸಿಬಿಡುತ್ತಿದ್ದರು. ಶಾಲು, ಹಾರ ಅತಿಥಿಗೆ, ಪೇಟ ಬಳಗಕ್ಕೆ. ಎಲ್ಲರಿಗೂ ಗೊತ್ತಿದ್ದ ಪದ್ಧತಿ, ಯಾರೂ ಬೇಜಾರು ಮಾಡಿಕೊಂಡದ್ದಿಲ್ಲ.

ತೊಡಿಸುವ ಕೈ ತಮ್ಮಯ್ಯನದು. ಮಂಡ್ಯದ ಕಡೆಯವನು, ಕೋಚ್ ಫ್ಯಾಕ್ಟರಿಯಲ್ಲಿ ಬೋಗಿಗಳಿಗೆ ಫ್ಯಾನು, ಲೈಟು ಜೋಡಿಸುವ ಫಿಟ್ಟರ್. ಯಾವ ತಲೆಗಾದರೂ ಪೇಟ ಜಾರದಂತೆ ಕೂರಿಸುವುದು ಅವನಿಗೆ ಮಾತ್ರ ಬರುತ್ತಿತ್ತು. ತಲೆ ಸಣ್ಣದಾದರೆ ಅವತ್ತಿನ ಪೇಪರಿನ ಹಾಳೆಯೊಂದನ್ನು ಪಟ್ಟಿಯಾಗಿ ಮಡಿಸಿ ಅಂಚಿನೊಳಗೆ ತುರುಕುತ್ತಿದ್ದ. ಅವಸರಕ್ಕೆ ಕಾಗದದ ತುದಿ ಕಿವಿಯ ಮೇಲೆ ಇಣುಕುತ್ತಿತ್ತು. ಬಳಗದ ಎಷ್ಟೋ ಫೋಟೋಗಳಲ್ಲಿ ಇವತ್ತಿಗೂ ಇಣುಕುತ್ತಿದೆ. ಹೆಂಡತಿ ನಾಗರತ್ನಮ್ಮನ ಪಾಲಿಗೆ ಬಂದದ್ದು ರಿಪೇರಿ ಕೆಲಸ. ಒಂದು ರಾಜ್ಯೋತ್ಸವದ ದಿನ ಆರತಿಯ ಕರ್ಪೂರದ ಕಿಡಿ ಹಾರಿ ಪೇಟದ ಅಂಚು ಸುಟ್ಟಾಗ, ಮನೆಯಲ್ಲಿ ಕೆಂಪು ದಾರ ಸಿಗದೆ ಹಸಿರು ದಾರದಲ್ಲೇ ಹೊಲಿದು ಕೊಟ್ಟಿದ್ದಳು. "ಯಾರ್ ನೋಡ್ತಾರೆ ಬಿಡಿ," ಎಂದಿದ್ದಳು ಗಂಡನಿಗೆ.

ತೊಂಬತ್ತೊಂಬತ್ತರಲ್ಲಿ ಆಫ್ರಿಕಾದ ಕಾಸಿಂಬಾ ಎಂಬ ದೇಶಕ್ಕೆ ಇಲ್ಲಿಂದ ಬೋಗಿಗಳು ಹಡಗು ಹತ್ತಿದವು. ಅವುಗಳನ್ನು ಅಲ್ಲಿ ನೋಡಿಕೊಳ್ಳಲು ಕೆಲಸ ಬಲ್ಲವರು ಬೇಕೆಂದು ಒಂದು ಖಾಸಗಿ ಕಂಪನಿ ಹುಡುಕುತ್ತಿತ್ತು. ತಮ್ಮಯ್ಯ ಸ್ವಯಂ ನಿವೃತ್ತಿ ತಗೊಂಡು ಹೊರಟೇಬಿಟ್ಟ. ಹೊರಡುವ ದಿನ ಬಳಗದ ಕಾರ್ಯದರ್ಶಿ ಹರಿಹರ, ವಿಮಾ ಕಚೇರಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದ ಮನುಷ್ಯ, ಸ್ಟೀಲ್ ಡಬ್ಬಿಯನ್ನು ತಾವೇ ಹಿಡಿದುಕೊಂಡು ಮನೆಗೆ ಬಂದರು.

"ಅಲ್ಲಿ ಯಾರಾದ್ರೂ ದೊಡ್ಡೋರು ಸಿಕ್ಕಿದ್ರೆ ತೊಡಿಸಿ ತಮ್ಮಯ್ಯನೋರೇ. ನಮ್ಮ ಬಳಗದ ಹೆಸರು ಸಮುದ್ರ ದಾಟ್ಲಿ. ಫೋಟೋ ಮಾತ್ರ ಮರೀಬೇಡಿ," ಎಂದವರು, ಬಾಗಿಲ ತನಕ ಹೋಗಿ ತಿರುಗಿ ಬಂದು, "ಪೇಟ ಜೋಪಾನ," ಎಂದು ಸೇರಿಸಿದರು.

ದೊಡ್ಡವರು ಸಿಕ್ಕರು. ಹೊಸ ರೈಲಿಗೆ ಬಾವುಟ ತೋರಿಸಲು ಕಾಸಿಂಬಾದ ಅಧ್ಯಕ್ಷ ಲುಸೆಂಗೊ ಖುದ್ದಾಗಿ ಸ್ಟೇಷನ್ನಿಗೆ ಬಂದ. ಸಾಲಿನಲ್ಲಿ ನಿಂತಿದ್ದ ತಮ್ಮಯ್ಯ ಅಭ್ಯಾಸಬಲದಿಂದ ಡಬ್ಬಿ ತೆರೆದು ಮುಂದಕ್ಕೆ ನುಗ್ಗಿದ. ಕಾವಲಿನವರು ಬಂದೂಕು ಎತ್ತಿದರು. ಅಧ್ಯಕ್ಷ ಜೋರಾಗಿ ನಕ್ಕು, ಬೇಡ ಎಂದು ಕೈಮಾಡಿ, ಆರೂಕಾಲು ಅಡಿ ಎತ್ತರದ ದೇಹವನ್ನು ಬಾಗಿಸಿ ತಲೆ ಒಡ್ಡಿದ. ಪೇಟ ಕೂತಿತು, ಕ್ಯಾಮೆರಾಗಳು ಮಿಂಚಿದವು, ಚಪ್ಪಾಳೆ ಬಿತ್ತು. ತಮ್ಮಯ್ಯ ಪೇಟ ವಾಪಸ್ ಎತ್ತಿಕೊಳ್ಳಲು ಕೈ ಚಾಚುವಷ್ಟರಲ್ಲಿ ಅಧ್ಯಕ್ಷ ಅದನ್ನು ತೊಟ್ಟುಕೊಂಡೇ ಕಾರು ಹತ್ತಿ ಹೋಗಿಬಿಟ್ಟ.

"ಪೇಟ ಹೋಯ್ತು ಕಣೇ ರತ್ನ!" ಎಂದು ತಮ್ಮಯ್ಯ ಆ ಭಾನುವಾರ ಫೋನಿನಲ್ಲಿ ಗೋಳಾಡಿದ. "ವಾಪಸ್ ಕೊಡಿ ಸಾರ್ ಅಂತ ಕೇಳೋಕಾಯ್ತದಾ? ಸುತ್ತಾ ಬಂದೂಕ ಹಿಡ್ಕಂಡವ್ರೆ. ಹರಿಹರ ಅವ್ರಿಗೆ ಏನ್ ಹೇಳ್ಲಿ ನಾನು?"

ನಾಗರತ್ನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅವಳ ನಗು ಕೇಳಿ ಅವನಿಗೂ ನಗು ಬಂತು. ಗಂಡ ಹೆಂಡತಿ ಮನಸಾರೆ ನಕ್ಕ ಕೊನೆಯ ಸಂದರ್ಭ ಅದೇ ಇರಬೇಕು.

ಹರಿಹರ ಬೇಜಾರು ಮಾಡಿಕೊಳ್ಳಲಿಲ್ಲ. ಲುಸೆಂಗೊಗೆ ಆ ಪೇಟ ಎಷ್ಟು ಹಿಡಿಸಿತೆಂದರೆ ಕವಾಯತಿಗೂ ಭಾಷಣಕ್ಕೂ ಅದನ್ನೇ ತೊಟ್ಟು ಬರತೊಡಗಿದ. ಚೆನ್ನೈಯ ಪತ್ರಿಕೆಗಳಿಗೆ ಹಬ್ಬ. ಮೈಸೂರು ಪೇಟದ ಆಫ್ರಿಕಾ ತಾತ ಎಂದು ಒಂದು ಬರೆದರೆ, ಮಕ್ಕಳನ್ನು ಎತ್ತಿಕೊಂಡಿರುವ ಬಣ್ಣದ ಫೋಟೋ ಇನ್ನೊಂದರಲ್ಲಿ. ಟಿವಿಯವರು ತಮ್ಮಯ್ಯ ಪೇಟ ತೊಡಿಸುವ ಚಿತ್ರಕ್ಕೆ ಸುತ್ತ ಹೂವಿನ ಅಂಚು ಕಟ್ಟಿ ತೋರಿಸಿದರು. ಕೆಳಗಿನ ಮನೆಯ ಗುಣವತಿ ಆ ಫೋಟೋದ ಪ್ರತಿ ಇಸಕೊಂಡು ಹೋಗಿ ಅಣ್ಣಾ ನಗರದ ತನ್ನ ನಾದಿನಿಗೆ ತೋರಿಸಿ ಬಂದಳು. ಕಾಸಿಂಬಾ ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ ಗೊತ್ತಿಲ್ಲದವರೂ ಅದರ ಅಧ್ಯಕ್ಷ ಬಂಗಾರದಂಥ ಮನುಷ್ಯ ಎನ್ನುತ್ತಿದ್ದರು. ಬಳಗ ಮೈಸೂರಿನಿಂದ ಇನ್ನೊಂದು ಪೇಟ ತರಿಸಿಕೊಂಡಿತು.

ಆಮೇಲೆ ಗಾಳಿ ತಿರುಗಿತು. ಯಾವತ್ತು ತಿರುಗಿತು ಅಂತ ಯಾರೂ ಹೇಳಲಾರರು, ಆದರೆ ದಿನಾ ಮಧ್ಯಾಹ್ನ ಗಂಡ ಇದ್ದ ದೇಶದ ಸುದ್ದಿಗಾಗಿ ಟಿವಿಯ ಮುಂದೆ ಕೂರುತ್ತಿದ್ದ ನಾಗರತ್ನಮ್ಮ ಅದನ್ನು ಕಿವಿಯಲ್ಲೇ ಹಿಡಿದಳು. ಜನನಾಯಕ ಎನ್ನುತ್ತಿದ್ದವರು ಒಂದು ದಿನ ಖಡಕ್ ಆಡಳಿತಗಾರ ಎಂದರು. ಕೆಲವು ತಿಂಗಳಾದ ಮೇಲೆ ಹಠಮಾರಿ ಎಂದರು. ಆಮೇಲೆ ಸರ್ವಾಧಿಕಾರಿ, ಕಡೆಗೆ ಕಟುಕ. ಮಕ್ಕಳನ್ನು ಎತ್ತಿಕೊಂಡ ಫೋಟೋಗಳು ಕಾಣೆಯಾದವು. ಆಕಳಿಸುವಾಗಲೋ ಸೀನುವಾಗಲೋ ಹೊಡೆದದ್ದೊಂದು ಫೋಟೋ, ಬಾಯಿ ಅಗಲಿಸಿ ಹಲ್ಲು ಕಿರಿದದ್ದು, ಎಲ್ಲ ಕಡೆಯೂ ಅದೇ ಬರತೊಡಗಿತು. ಮುದ್ದಾಗಿ ಕಾಣುತ್ತಿದ್ದ ಪೇಟವೀಗ ಹುಚ್ಚು ದೊರೆಯ ಕಿರೀಟವಾಯಿತು. ಬಂಗಾರದ ಮನುಷ್ಯ ಎಂದಿದ್ದ ಬಾಯಿಗಳೇ ಥೂ ಎಂದವು, ಅವರಿಗೆ ಕಾಸಿಂಬಾದ ವಿಷಯ ಹಿಂದಿಗಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ಗೊತ್ತಿರಲಿಲ್ಲ.

"ನಿಜವಾಗ್ಲೂ ಎಂಥೋನ್ರೀ ಅವ್ನು?" ಎಂದು ಅವಳು ಫೋನಿನಲ್ಲಿ ಕೇಳಿದಳು.

"ನಂಗೇನ್ ಗೊತ್ತೇ? ನನ್ನ ಕಂಡಾಗ ಊಟ ಆಯ್ತಾ ಅಂತ ಕೇಳ್ತಾನೆ. ಆದ್ರೆ ಉತ್ತರದ ಕಡೀಕೆ ಜನಾನ ತುಂಬ್ಕಂಡು ಹೋಗೋ ರೈಲು ಬರೋವಾಗ ಖಾಲಿ ಬತ್ತದೆ ಅಂತ ಇಲ್ಲಿ ಗಾರ್ಡ್ ಒಬ್ಬ ಹೇಳ್ದ. ಅದ್ಯಾಕೆ ಅಂತ ನಾನು ಕೇಳಕ್ಕೋಗ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಈ ಮಾತು ಯಾರ ಹತ್ರಾನೂ ಆಡ್ಬೇಡ," ಎಂದ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ, ಚೆನ್ನೈ ನೀರಿನ ಲಾರಿಯ ಹಿಂದೆ ಕೊಡ ಹಿಡಿದು ಓಡುತ್ತಿದ್ದ ದಿನಗಳಲ್ಲಿ, ಕಾಸಿಂಬಾದ ಸೈನ್ಯದ ಕರ್ನಲ್ ತೆಂಬೆ ಎಂಬುವನು ದಂಗೆಯೆದ್ದು ಲುಸೆಂಗೊನನ್ನು ಕೊಂದ. ಆ ವಾರ ತಮ್ಮಯ್ಯನ ಫೋನು ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಜೊತೆಗೆ ಕೆಲಸಕ್ಕಿದ್ದ ಶೀನ ಎಂಬ ಉಡುಪಿಯ ಹುಡುಗ ಹೇಗೋ ತಪ್ಪಿಸಿಕೊಂಡು ಬಂದವನು ಮನೆ ಹುಡುಕಿಕೊಂಡು ಬಂದು ಬಾಗಿಲಲ್ಲೇ ನಿಂತು ಅತ್ತ. ಸ್ಟೇಷನ್ನಿನ ಗೋಡೆಯ ಮೇಲೆ ಪೇಟ ತೊಡಿಸಿದ ಆ ಫೋಟೋ ದೊಡ್ಡದಾಗಿ ತೂಗುಹಾಕಿತ್ತಂತೆ. ತೆಂಬೆಯ ಸೈನಿಕರು ಅದನ್ನು ಇಳಿಸಿ, ಅದರಲ್ಲಿದ್ದ ತಮ್ಮಯ್ಯನ ಮುಖದ ಮೇಲೆ ಬೆರಳಿಟ್ಟು, ಲುಸೆಂಗೊಗೆ ಕಿರೀಟ ಹಾಕಿದ ಇವನು ಎಲ್ಲಿ ಎಂದು ಕೇಳಿಕೊಂಡು ಬಂದು ಎಳೆದೊಯ್ದರಂತೆ.

ನಾಗರತ್ನಮ್ಮ ಮಾಡಬೇಕಾದ್ದನ್ನೆಲ್ಲ ಮಾಡಿದಳು. ಮಗಳು ನಂದಿತಾಳನ್ನು ಕರೆದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದಳು. ಆಳು ಕಳಿಸಿದ್ದ ಕಂಪನಿಯ ಬಾಗಿಲಿಗೆ ಬೀಗ. ಕಡೆಗೆ ವಿದೇಶಾಂಗ ಇಲಾಖೆಯ ಒಬ್ಬ ಅಧಿಕಾರಿ ಕೂರಲು ಹೇಳಿ ನೀರು ತರಿಸಿಕೊಟ್ಟು, "ಕೇಳ್ತೀವಮ್ಮಾ, ಕೇಳದೆ ಏನು? ಆದ್ರೆ ಟಿವಿಯಲ್ಲಿ ದಿನಾ ಹೀಗೆ ಬರ್ತಾ ಇದ್ರೆ ಮೇಲಿನವರು ಧೈರ್ಯವಾಗಿ ಕೈ ಹಾಕಲ್ಲ. ಕಟುಕನ ಸ್ನೇಹಿತನನ್ನ ಬಿಡಿಸಿದ್ರು ಅಂತ ನಾಳೆ ಅದೂ ಸುದ್ದಿಯಾಗುತ್ತೆ," ಎಂದ.

ಟಿವಿಯಲ್ಲಿ ಬರುತ್ತಿದ್ದದ್ದು ಅದೇ ಹಳೆಯ ಚಿತ್ರ. ಹೂವಿನ ಅಂಚು ಹೋಗಿ ಈಗ ತಮ್ಮಯ್ಯನ ಮುಖದ ಸುತ್ತ ಒಂದು ಕೆಂಪು ವೃತ್ತ ನಿಧಾನವಾಗಿ ಸುತ್ತಿಕೊಳ್ಳುತ್ತಿತ್ತು. ಕಟುಕನಿಗೆ ಕಿರೀಟ ತೊಡಿಸಿದ ಪೆರಂಬೂರಿನವನು, ಎಂದು ಗಡುಸು ದನಿಯೊಂದು ಹೇಳುತ್ತಿತ್ತು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಗಂಡನೇ ಆ ವೃತ್ತದೊಳಗೆ ಯಾರೋ ಕೇಡಿಯ ಹಾಗೆ ಕಾಣುತ್ತಿದ್ದುದನ್ನು ನೋಡಿ ನಾಗರತ್ನಮ್ಮ ಟಿವಿ ಆರಿಸಿದಳು. ತನ್ನ ಕಣ್ಣಿಗೇ ಹೀಗೆ ಕಂಡರೆ ಊರವರ ಕಣ್ಣಿಗೆ ಹೇಗೆ ಕಂಡೀತು ಎಂದು ಅವಳಿಗೆ ದಿಗಿಲಾಯಿತು.

ಆಗ ಅವಳಿಗೆ ಹೊಳೆದದ್ದು ಪೇಟವೇ. ಅದು ಯಾರ ತಲೆಗಾದರೂ ಏರುವಂಥದ್ದು, ಅದಕ್ಕೆ ಸ್ನೇಹವೂ ಬೇಡ, ರಾಜಕೀಯವೂ ಬೇಡ ಎಂದು ಜನರಿಗೆ ಕಣ್ಣಾರೆ ತೋರಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು. ಪಾಪ, ಕಣ್ಣಾರೆ ಕಂಡದ್ದನ್ನೇ ಜನ ನಂಬುತ್ತಾರೆ ಎಂಬ ಭ್ರಮೆ ಇನ್ನೂ ಉಳಿದಿತ್ತು. ಹರಿಹರರ ಮನೆಗೆ ಹೋಗಿ ಹೊಸ ಪೇಟ ಕೇಳಿದಳು.

"ಪೇಟಾನೇ? ಯಾವ ಪೇಟ?" ಎಂದರು ಹರಿಹರ. "ನಮ್ಮ ಬಳಗಕ್ಕೂ ಅದಕ್ಕೂ ಸಂಬಂಧಾನೇ ಇಲ್ಲಮ್ಮ. ತಮ್ಮಯ್ಯ ಅವರು ಸ್ವಂತ ಇಚ್ಛೆಯಿಂದ ಏನೋ ಮಾಡ್ಕೊಂಡಿದ್ದು."

"ಡಬ್ಬಿ ಹಿಡ್ಕಂಡು ನಮ್ಮನೆಗೆ ಬಂದೋರು ಯಾರು ಹರಿಹರ ಅವ್ರೇ?"

ಹರಿಹರ ಎದ್ದು ಒಳಗೆ ಹೋದರು. ಅವರ ಹೆಂಡತಿಯೇ ಅಟ್ಟದ ಮೇಲಿಂದ ಡಬ್ಬಿ ಇಳಿಸಿ, ಸೀರೆಯ ಕವರಿನೊಳಗೆ ಮರೆಮಾಡಿ ಕೊಟ್ಟು, ಯಾರಿಗೂ ಹೇಳಬೇಡಿ ಎಂದು ಕೈಮುಗಿದರು.

ಕೆಂಪು ವೃತ್ತ ಸುತ್ತಿದ ಚಾನೆಲ್ಲಿನ ವರದಿಗಾರ ಇಳಂಗೋ, ಅವಳು ಕರೆದ ಕೂಡಲೇ ಕ್ಯಾಮೆರಾದವನ ಜೊತೆ ಬಂದ. ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಚಪ್ಪಲಿ ಹೊರಗೆ ಬಿಟ್ಟು, ಕೊಟ್ಟ ಕಾಫಿ ಕುಡಿದು, ಒಳ್ಳೆಯ ಮಾತಾಡಿದ. ಇಬ್ಬರ ಮಾತೂ ತಮಿಳಿನಲ್ಲೇ. ನಾಗರತ್ನಮ್ಮ ಬಳಗದ ಆಲ್ಬಮ್ ಬಿಡಿಸಿ ಒಂದೊಂದೇ ಫೋಟೋ ತೋರಿಸಿದಳು, ಗಾರ್ಡು, ಕೌನ್ಸಿಲರು, ಕಿವಿಯ ಮೇಲೆ ಕಾಗದ ಇಣುಕುವ ಹತ್ತನೇ ತರಗತಿಯ ಹುಡುಗಿ. ಆಮೇಲೆ ಪೇಟ ಎತ್ತಿಕೊಂಡು, "ತಲೆ ಬಗ್ಗಿಸಪ್ಪಾ," ಎಂದಳು.

ಇಳಂಗೋ ಯೋಚಿಸದೆ ತಲೆ ಬಗ್ಗಿಸಿದ. ಪೇಟ ಕೂತಿತು. ಕ್ಯಾಮೆರಾ ಓಡುತ್ತಿತ್ತು.

"ನೀನು ನಂಗೆ ಯಾರು? ನಂಟನಾ, ಸ್ನೇಹಿತನಾ? ನೀನೇನು ರಾಜ ಆಗ್ಬಿಟ್ಟೆಯಾ ಈಗ?" ಎಂದು ಕೇಳಿದಳು. "ಬಂದವ್ರಿಗೆ ಮರ್ಯಾದೆ ಮಾಡೋದು ನಮ್ಮ ಪದ್ಧತಿ. ನಮ್ಮ ಯಜಮಾನ್ರು ಮಾಡಿದ್ದೂ ಇಷ್ಟೇ. ಇಷ್ಟೇ ಕಣಪ್ಪಾ."

ಇಳಂಗೋ ನಕ್ಕ. ಅವಳೂ ಅಳುವಿನ ನಡುವೆ ನಕ್ಕಳು. ಹೊರಡುವ ಮೊದಲು ಅವನು, ಆ ಅಧ್ಯಕ್ಷ ನಿಮ್ಮ ಯಜಮಾನರನ್ನು ಹೇಗೆ ನೋಡಿಕೊಂಡಿದ್ದ ಎಂದು ಕೇಳಿದ. ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು: ನಮ್ಮವರಿಗೆ ಒಳ್ಳೆಯವನೇ ಆಗಿದ್ದ, ಊಟ ಆಯಿತಾ ಎಂದು ಕೇಳುತ್ತಿದ್ದ; ಆದರೆ ಜನರನ್ನು ಕೊಂದದ್ದು ನಿಜವಾದರೆ ಅವನು ಪಾಪಿ, ಅವನ ಪಾಪ ನನ್ನ ಗಂಡನ ತಲೆಗೆ ಕಟ್ಟಬೇಡಿ.

ಸಂಜೆ ಆರರ ಸುದ್ದಿಯಲ್ಲಿ ಪೇಟ ತೊಟ್ಟ ಇಳಂಗೋ ಇರಲಿಲ್ಲ. ಆಲ್ಬಮ್ಮೂ ಇರಲಿಲ್ಲ. ಪೇಟವನ್ನು ಎದೆಗವಚಿಕೊಂಡು ಅಳುತ್ತಿದ್ದ ನಾಗರತ್ನಮ್ಮ ಇದ್ದಳು, ಮತ್ತು ಅವಳ ಬಾಯಲ್ಲಿ ಒಂದೇ ಮಾತು: ನಮ್ಮವರಿಗೆ ಒಳ್ಳೆಯವನೇ ಆಗಿದ್ದ, ಊಟ ಆಯಿತಾ ಎಂದು ಕೇಳುತ್ತಿದ್ದ. ಕಟುಕನಿಗಾಗಿ ಕಣ್ಣೀರು, ಎಂದು ಕೆಳಗೆ ದಪ್ಪಕ್ಷರ ಓಡಿತು.

"ಅಮ್ಮಾ, ಸಾಕಮ್ಮಾ!" ನಂದಿತಾ ಟಿವಿ ಆರಿಸಿ ಕಿರುಚಿದಳು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ, ಆ ದಿನ ಮಾತ್ರ ಸಿಟ್ಟಿಗೆ ಕನ್ನಡವೇ ಬಂತು. "ಇನ್ನು ಯಾರ ಹತ್ರಾನೂ ಮಾತಾಡ್ಬೇಡ. ನೀನು ಮಾತಾಡಿದ್ದಷ್ಟೂ ಅಪ್ಪಂಗೆ ಕಷ್ಟ!"

ಅದು ನಿಜವೆಂದು ನಾಗರತ್ನಮ್ಮನಿಗೂ ಗೊತ್ತಿತ್ತು, ಅದಕ್ಕೇ ಎದೆಗೆ ನಾಟಿತು. ಮರುದಿನ ಗುಣವತಿ ತನ್ನ ಮನೆಯಲ್ಲಿದ್ದ ಫೋಟೋದ ಪ್ರತಿಯನ್ನು ಕವರಿನಲ್ಲಿ ಹಾಕಿ ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದಳು. ನಲ್ಲಿಯ ಸಾಲಿನಲ್ಲಿ ಹೆಂಗಸರು ಅವಳಿಗೆ ಜಾಗ ಬಿಟ್ಟು ನಿಂತರು, ಮರ್ಯಾದೆಗಲ್ಲ. ಆ ಅಧಿಕಾರಿಯ ಕಚೇರಿಗೆ ಮತ್ತೆ ಹೋದಾಗ ನೀರು ತರಿಸಿಕೊಡುವವರು ಇರಲಿಲ್ಲ.

ಹೀಗೆ ತಿಂಗಳುಗಳು ಹೋದವು. ಅತ್ತೂ ಅತ್ತೂ ಕಣ್ಣು ಬತ್ತಿದ ಮೇಲೆ ನಾಗರತ್ನಮ್ಮನಿಗೆ ಉಳಿದ ಕೆಲಸವೆಂದರೆ ಪೇಪರು ನೋಡುವುದು. ಸರಿಯಾಗಿ ಓದಲು ಬಾರದ ತಮಿಳನ್ನು ಅಕ್ಷರ ಅಕ್ಷರ ಕೂಡಿಸಿ ಕಾಸಿಂಬಾ ಎಂಬ ಹೆಸರು ಹುಡುಕುತ್ತಿದ್ದಳು. ಕರ್ನಲ್ ತೆಂಬೆ ಈಗ ವಿಮೋಚಕನಾಗಿದ್ದ. ಮಕ್ಕಳನ್ನು ಎತ್ತಿಕೊಂಡ ಫೋಟೋಗಳು ಮತ್ತೆ ಬಂದವು, ಎತ್ತಿಕೊಂಡವನು ಮಾತ್ರ ಬೇರೆ.

ಎರಡು ಸಾವಿರದ ನಾಲ್ಕರ ಒಂದು ಬೆಳಗ್ಗೆ ಪೇಪರಿನ ಮುಖಪುಟದಲ್ಲೇ ತೆಂಬೆ ನಿಂತಿದ್ದ. ರಿಪೇರಿಯಾದ ರೈಲಿಗೆ ಬಾವುಟ ತೋರಿಸುತ್ತಿದ್ದ. ಅವನ ತಲೆಯ ಮೇಲೆ ಪೇಟವಿತ್ತು.

ನಾಗರತ್ನಮ್ಮ ಕನ್ನಡಕ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿದಳು. ಅಂಚಿನಲ್ಲಿ ಹಸಿರು ದಾರ. ಅದೇ ಪೇಟ! ಸತ್ತವನ ತಲೆಯಿಂದ ತೆಗೆದದ್ದನ್ನು ಕೊಂದವನ ತಲೆಗೆ ಇಟ್ಟಿದ್ದರು. ಪೇಪರು ಕೆಳಗಿಡುವಷ್ಟರಲ್ಲಿ ಇನ್ನೊಂದು ಕಂಡಿತು. ತೆಂಬೆಯ ಕಿವಿಯ ಮೇಲೆ, ಪೇಟದ ಅಂಚಿನಿಂದ ಮಡಿಸಿದ ಕಾಗದದ ತುದಿ ಇಣುಕುತ್ತಿತ್ತು. ಫೋಟೋದ ಕೊನೆಯಲ್ಲಿ, ಪತ್ರಿಕೆಯವರು ಕತ್ತರಿಸಿ ಬಿಟ್ಟ ಜಾಗದಲ್ಲಿ, ಎರಡು ಕೈಗಳು ಮಾತ್ರ ಇದ್ದವು, ಮುಖವಿಲ್ಲ, ಮೈಯಿಲ್ಲ.

"ಬದುಕವ್ರೆ ಕಣೇ! ನಿಮ್ಮಪ್ಪ ಬದುಕವ್ರೆ!" ಎಂದು ಅವಳು ಕೂಗಿದ ಕೂಗಿಗೆ ಗುಣವತಿ ಕೂಡ ಮೇಲೆ ಓಡಿ ಬಂದಳು.

ಮಧ್ಯಾಹ್ನದ ಹೊತ್ತಿಗೆ ಹರಿಹರ ಮೈಸೂರು ಪಾಕಿನ ಡಬ್ಬ ಹಿಡಿದು ಬಂದರು. "ನೋಡಿದ್ರಾ, ನಮ್ಮ ಬಳಗದ ಪೇಟ! ಏನೇ ಹೇಳಿ, ತಮ್ಮಯ್ಯ ಅವರ ಕೈಯೇ ಕೈ," ಎಂದು, ಈ ಫೋಟೋಗೆ ಕಟ್ಟು ಹಾಕಿಸುವ ಮಾತಾಡಿದರು. ನಾಗರತ್ನಮ್ಮ ಅವರಿಗೆ ಕಾಫಿಯನ್ನೂ ಕೊಡಲಿಲ್ಲ.

ಆ ಭಾನುವಾರ ಫೋನು ಬಂತು. ತಮ್ಮಯ್ಯನ ದನಿಯೇ, ಆದರೆ ಯಾರೋ ಬರೆದುಕೊಟ್ಟದ್ದನ್ನು ಓದುವ ಹಾಗೆ ಸಪಾಟಾಗಿತ್ತು. "ಚೆನ್ನಾಗಿದ್ದೀನಿ. ಸಾಹೇಬ್ರು ತುಂಬಾ ಒಳ್ಳೆಯವರು. ಎಲ್ಲಾ ಬೋಗಿ ರಿಪೇರಿ ಆದ ಮೇಲೆ ಕಳಿಸಿಕೊಡ್ತೀನಿ ಅಂದಿದ್ದಾರೆ."

"ಹೊಡೆದ್ರೇನ್ರೀ? ನಿಜ ಹೇಳಿ."

"ಸಾಹೇಬ್ರು ಒಳ್ಳೆಯವರು," ಎಂದ ಮತ್ತೆ. ಆಮೇಲೆ ಒಮ್ಮೆಲೇ ದನಿ ಒಡೆದು, ಅವಳಿಗೆ ಗೊತ್ತಿದ್ದ ತಮ್ಮಯ್ಯನೇ ಮಾತಾಡಿದ. "ರತ್ನಾ, ಅಲ್ಲಿ ಪೇಪರ್‌ನೋರು ಸಾಹೇಬ್ರ ಮೇಲೆ ಏನ್ ಬರೀತಾವ್ರೆ? ಒಳ್ಳೇದೇ ತಾನೇ? ಇಲ್ಲಿಯೋರು ಎಲ್ಲಾ ತರಿಸ್ಕಂಡು ನೋಡ್ತಾರೆ ಕಣೇ, ನಮ್ಮೂರ ಪೇಪರು, ಟಿವಿ, ಎಲ್ಲಾನೂ. ಹಿಂದ್ಲೋನ ಪೇಟ ಅವನ ಮಾನ ಕಳೀತು ಅಂತ ಇವ್ರಿಗೆ ಗೊತ್ತು. ನಿನ್ನ ಪೇಟ ನಮ್ಗೂ ಹಂಗೇ ಮಾಡಿದ್ರೆ ನಿನ್ನ ನೋಡ್ಕೋತೀವಿ ಅಂದವ್ರೆ. ಒಳ್ಳೇದೇ ಬರೀಲಿ ಕಣೇ. ನಾನು ಬರೋಗಂಟ..." ಅಲ್ಲಿಗೆ ಫೋನು ಕಡಿಯಿತು.

ಅವತ್ತಿನಿಂದ ನಾಗರತ್ನಮ್ಮ ದೇವರ ಮನೆಯಲ್ಲಿ ಒಬ್ಬ ಅಪರಿಚಿತನಿಗಾಗಿ ದೀಪ ಹಚ್ಚತೊಡಗಿದಳು. ಈ ತೆಂಬೆ ಯಾರೋ, ಎಂಥವನೋ, ಅವನ ಹೆಸರು ಕೆಡದಿರಲಿ; ಬೋಗಿಗಳ ರಿಪೇರಿ ಬೇಗ ಮುಗಿಯಲಿ. ಪೇಪರು ನೋಡುವಾಗ ಅವಳ ಕಣ್ಣು ಒಂದೇ ಮಾತನ್ನು ಹುಡುಕುತ್ತಿತ್ತು, ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹುಡುಕುತ್ತಿತ್ತು. ಒಂದು ದಿನ ಅದು ಸಿಕ್ಕಿತು. ಖಡಕ್ ಆಡಳಿತಗಾರ ತೆಂಬೆ, ಎಂದು ಒಳಪುಟದಲ್ಲಿ ಬರೆದಿತ್ತು. ಆ ಮಾತಿನ ನಂತರ ಯಾವ ಮಾತು ಬರುತ್ತದೆಂದು ಅವಳಿಗೆ ಬಾಯಿಪಾಠವಾಗಿತ್ತು.

ಅದಾಗಿ ಕೆಲವೇ ದಿನಕ್ಕೆ ಇಳಂಗೋ ಫೋನು ಮಾಡಿದ. ಹಿಂದೆ ಕತ್ತರಿ ಹಾಕಿದ್ದು ಒಳಗೊಳಗೇ ಚುಚ್ಚುತ್ತಿತ್ತೋ ಏನೋ, ದನಿಯಲ್ಲಿ ಅಂಜಿಕೆಯಿತ್ತು. "ಅಮ್ಮಾ, ಕಾಸಿಂಬಾದ್ದು ಒಂದು ಟೇಪ್ ಬಂದಿದೆ. ಸಂಜೆ ಹಾಕ್ತೀವಿ. ಮೊದಲೇ ನಿಮಗೆ ಹೇಳ್ಬೇಕು ಅನ್ನಿಸ್ತು."

ಅವಳು ಉಟ್ಟ ಸೀರೆಯಲ್ಲೇ ಆಟೋ ಹಿಡಿದು ಕೀಲ್ಪಾಕಿನ ಚಾನೆಲ್ ಕಚೇರಿಗೆ ಓಡಿದಳು. ಇಳಂಗೋ ಅವಳನ್ನು ಎಡಿಟಿಂಗ್ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದ. "ಇದು ಸುಳ್ಳಲ್ಲಮ್ಮಾ. ಕತ್ತರಿಸಿ ಅಂಟಿಸಿದ್ದೂ ಅಲ್ಲ. ನೀವೇ ನೋಡಿ."

ಸುಟ್ಟ ಗುಡಿಸಲುಗಳು. ರೈಲು ಹಳಿಯ ಪಕ್ಕಕ್ಕೆ ಸಾಲಾಗಿ ಬಟ್ಟೆ ಹೊದಿಸಿದ ಹೆಣಗಳು. ಹಿಂದೆ ನಿಂತಿದ್ದ ಬೋಗಿಗಳನ್ನು ನಾಗರತ್ನಮ್ಮ ಗುರುತು ಹಿಡಿದಳು, ಇದೇ ಪೆರಂಬೂರಿನಿಂದ ಹೋದವು. ಒಬ್ಬ ಹೆಂಗಸು ಬೆನ್ನಿಗೆ ಕೂಸು ಕಟ್ಟಿಕೊಂಡು ಬಗ್ಗಿ ಬಗ್ಗಿ ಒಂದೊಂದೇ ಬಟ್ಟೆ ಎತ್ತಿ ನೋಡುತ್ತಾ ಬರುತ್ತಿದ್ದಳು. ಎತ್ತುವುದು, ನೋಡುವುದು, ಮತ್ತೆ ಮುಚ್ಚುವುದು. ಅವಳ ಮುಖದಲ್ಲಿ ಅಳುವಿರಲಿಲ್ಲ. ಪೇಪರಿನಲ್ಲಿ ಗಂಡನ ಹೆಸರು ಹುಡುಕುವಾಗ ತನ್ನ ಮುಖವೂ ಹೀಗೇ ಇದ್ದಿರಬೇಕು ಎಂದು ನಾಗರತ್ನಮ್ಮನಿಗೆ ಅನ್ನಿಸಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇಳಂಗೋ ಟೇಪು ನಿಲ್ಲಿಸಿದ. ಬಟ್ಟೆಯ ಅಂಚು ಹಿಡಿದು ಬಗ್ಗಿದ ಆ ಹೆಂಗಸು ಪರದೆಯ ಮೇಲೆ ಹಾಗೇ ನಿಂತಳು.

"ಇವತ್ತು ಬೇಡಪ್ಪಾ," ಎಂದಳು ನಾಗರತ್ನಮ್ಮ.

"ಅಮ್ಮಾ..."

"ನಮ್ಮವ್ರು ಬಂದ್ಬಿಡ್ಲಿ. ಆಮೇಲೆ ಹಾಕು. ದಿನಾ ಹಾಕು, ಬೇಡ ಅನ್ನೋಳು ನಾನಲ್ಲ. ಅಲ್ಲಿಯೋರು ಇಲ್ಲೀದನ್ನ ನೋಡ್ತಾರೆ. ಇದನ್ನ ನೋಡಿದ ದಿನಾನೇ ಅವ್ರನ್ನ ಮುಗಿಸಿಬಿಡ್ತಾರೆ."

"ಅವತ್ತು ನಿಮ್ಮ ಮಾತಲ್ಲಿ ಅರ್ಧ ಕತ್ತರಿಸಿದ್ದಕ್ಕೆ ಫೋನ್ ಮಾಡಿ ಹೊಟ್ಟೆ ಉರ್ಕೊಂಡು ಬೈದಿದ್ರಿ. ಇವತ್ತು ಈಯಮ್ಮನ್ನ ಪೂರ್ತಿ ಕತ್ತರಿಸು ಅಂತೀರಾ?"

ನಾಗರತ್ನಮ್ಮ ಪರದೆಯ ಕಡೆ ನೋಡಿದಳು. ಆ ಹೆಂಗಸಿನ ಬೆನ್ನ ಮೇಲಿನ ಕೂಸು ನಿದ್ದೆಹೋಗಿತ್ತು.

"ಹೂಂ ಕಣಪ್ಪಾ," ಎಂದಳು. "ಕತ್ತರಿಸು."

ಹೇಳಿದ ಮೇಲೆ ಅವಳಿಗೆ ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು. ಆದರೂ ಹೇಳಿದ ಮಾತನ್ನು ವಾಪಸ್ ತಗೊಳ್ಳಲಿಲ್ಲ. ಇಳಂಗೋನ ಕಾಲು ಹಿಡಿಯಲು ಬಗ್ಗಿದಳು. ಅವನು ಹಾವು ತುಳಿದವನಂತೆ ಹಿಂದಕ್ಕೆ ಸರಿದು, "ಎದ್ದೇಳಿ ಅಮ್ಮಾ, ಎದ್ದೇಳಿ," ಎಂದು ಅವಳನ್ನು ಎತ್ತಿ, ಮೇಲಿನವರನ್ನು ಕೇಳಿ ಬರುತ್ತೇನೆಂದು ಹೋದ. ಬಹಳ ಹೊತ್ತಾದ ಮೇಲೆ ಬಂದವನ ಮುಖ ಕೆಂಪಾಗಿತ್ತು, ಒಳಗೆ ಜಗಳವಾಡಿರಬೇಕು. "ಎರಡು ದಿನ ತಡೀತಾರೆ. ಅದಕ್ಕಿಂತ ಜಾಸ್ತಿ ನನ್ನ ಕೈಲಿ ಆಗಲ್ಲಮ್ಮಾ. ಅಷ್ಟರಲ್ಲಿ ಆ ಅಧಿಕಾರಿಯನ್ನ ಹಿಡಿಯೋಣ, ನಾನೂ ಜೊತೆಗೆ ಬರ್ತೀನಿ."

ನಾಗರತ್ನಮ್ಮ ಕೈಮುಗಿದಳು. ಎರಡು ದಿನದಲ್ಲಿ ಎಷ್ಟೊಂದು ಆಗಬಹುದು, ಬೋಗಿಗಳ ಕೆಲಸ ಮುಗಿಯಬಹುದು, ವಿಮಾನ ಹತ್ತಿಸಬಹುದು ಎಂದು ಅವಳ ಮನಸ್ಸು ಆಗಲೇ ಓಡತೊಡಗಿತ್ತು. ಆರರ ಸುದ್ದಿ ನೋಡಿಯೇ ಹೋಗೋಣವೆಂದು ಕೆಳಗಿನ ಹಾಲಿನ ಬೆಂಚಿನ ಮೇಲೆ ಕೂತಳು. ಅಲ್ಲಿ ಸಾಲಾಗಿ ನಾಲ್ಕಾರು ಟಿವಿಗಳು, ಒಂದೊಂದರಲ್ಲಿ ಒಂದೊಂದು ಚಾನೆಲ್ಲು, ಬೇರೆಯವರು ಏನು ತೋರಿಸುತ್ತಾರೆಂದು ನೋಡುವುದಕ್ಕೆ. ಆರರ ಸುದ್ದಿ ಶುರುವಾಯಿತು. ಇಳಂಗೋನ ಚಾನೆಲ್ಲಿನಲ್ಲಿ ನೀರಿನ ಲಾರಿಗಳ ಮುಷ್ಕರ, ಒಬ್ಬ ಮಂತ್ರಿಯ ಮಗಳ ಮದುವೆ. ಕಾಸಿಂಬಾದ ಸೊಲ್ಲಿಲ್ಲ. ಅವಳು ಉಸಿರು ಬಿಟ್ಟಳು.

ಪಕ್ಕದ ಟಿವಿಯಲ್ಲಿ ಆ ಹೆಂಗಸು ಬಂದಳು. ಬೆನ್ನಿಗೆ ಕೂಸು ಕಟ್ಟಿಕೊಂಡು, ಬಗ್ಗಿ, ಒಂದೊಂದೇ ಬಟ್ಟೆ ಎತ್ತಿ ನೋಡುತ್ತಾ. ಅದರಾಚೆಯ ಟಿವಿಯಲ್ಲೂ ಅವಳೇ. ಅದೇ ಟೇಪು ಎಲ್ಲರಿಗೂ ಬಂದಿತ್ತು.

"ಬೇಡ," ಎಂದಳು ನಾಗರತ್ನಮ್ಮ ಟಿವಿಗೆ. ಮೇಜಿನ ಹಿಂದಿದ್ದ ಹುಡುಗಿ ಗಾಬರಿಯಾಗಿ ಎದ್ದು ನಿಂತಳು.

ಹೆಂಗಸು ಹೋಗಿ ಕರ್ನಲ್ ತೆಂಬೆಯ ಫೋಟೋ ಬಂತು, ತಲೆಯ ಮೇಲೆ ಹಸಿರು ದಾರದ ಪೇಟ, ಕಿವಿಯ ಮೇಲೆ ಕಾಗದದ ತುದಿ. ಈ ಕಟುಕನಿಗೂ ಕಿರೀಟ ತೊಡಿಸಿದವರು ಯಾರು, ಎಂದು ಗಡುಸು ದನಿಯೊಂದು ಕೇಳಿತು. ಫೋಟೋದ ಅಂಚಿನಲ್ಲಿದ್ದ ಎರಡು ಕೈಗಳ ಸುತ್ತ ಕೆಂಪು ವೃತ್ತವೊಂದು ನಿಧಾನವಾಗಿ ಸುತ್ತಿಕೊಳ್ಳತೊಡಗಿತು.